ದಡಾರ ವಾಸಿಯಾಗಿ ವರ್ಷಗಳ ನಂತರ ಮೆದುಳನ್ನು ಕಾಡುವ ಎಸ್‌ಎಸ್‌ಪಿಇ: ಏನಿದು ಕಾಯಿಲೆ?

"ದಡಾರ ಎಲ್ಲ ಮಕ್ಕಳಿಗೂ ಬರುತ್ತೆ, ಬಂದು ಹೋಗುತ್ತೆ" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಸುತ್ತದೆ. ಬೇವಿನ ಸೊಪ್ಪು ಹಾಸಿ ಮಲಗಿಸಿ, ವಾರದಲ್ಲಿ ಗುಳ್ಳೆ ಮಾಯವಾದರೆ ಕಾಯಿಲೆ ಮುಗಿಯಿತು ಎಂದೇ ಲೆಕ್ಕ. ಹೆಚ್ಚಿನ ಮಕ್ಕಳಲ್ಲಿ ಅದು ನಿಜವೂ ಹೌದು. ಆದರೆ ಕೆಲವರಲ್ಲಿ ವೈರಸ್ ಪೂರ್ತಿ ಹೋಗಿರುವುದಿಲ್ಲ.

ಸಬ್‌ಅಕ್ಯೂಟ್ ಸ್ಕ್ಲೀರೋಸಿಂಗ್ ಪ್ಯಾನ್‌ಎನ್ಸೆಫಲೈಟಿಸ್, ಅಂದರೆ ಎಸ್‌ಎಸ್‌ಪಿಇ, ಹೀಗೆ ಉಳಿದ ದಡಾರ ವೈರಸ್ಸಿನಿಂದ ಬರುವ ಮೆದುಳಿನ ಕಾಯಿಲೆ. ಸಾಮಾನ್ಯವಾಗಿ ದಡಾರ ಬಂದು 6ರಿಂದ 10 ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ರೂಪಾಂತರಗೊಂಡ ವೈರಸ್ ಹೊರಗೆ ಬಾರದೆ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವುದರಿಂದ ರೋಗನಿರೋಧಕ ಶಕ್ತಿ ಅದನ್ನು ಅಳಿಸಲಾರದು.

ಮೊದಲ ಲಕ್ಷಣಗಳು ಮೋಸ ಮಾಡುವಂಥವು. ಚೆನ್ನಾಗಿ ಓದುತ್ತಿದ್ದ ಮಗು ಹಿಂದೆ ಬೀಳುತ್ತದೆ, ಮರೆಯುತ್ತದೆ, ಸಿಡುಕುತ್ತದೆ. ಸೋಮಾರಿತನವೆಂದು ಬೈಗುಳ ತಿನ್ನುವುದೂ ಉಂಟು. ಆಮೇಲೆ ದೇಹ ಇದ್ದಕ್ಕಿದ್ದಂತೆ ಜಗ್ಗಿದಂತಾಗುವುದು, ಕೈಯಲ್ಲಿದ್ದ ವಸ್ತು ಬೀಳುವುದು, ಫಿಟ್ಸ್, ಕೆಲವರಿಗೆ ದೃಷ್ಟಿ ದೋಷ. ಕೊನೆಗೆ ಮಗು ಹಾಸಿಗೆ ಹಿಡಿಯುತ್ತದೆ. ಇಇಜಿ ಮತ್ತು ಬೆನ್ನುಹುರಿಯ ದ್ರವದ ಪರೀಕ್ಷೆಯಿಂದ ಕಾಯಿಲೆ ಗೊತ್ತಾಗುತ್ತದೆ. ಗುಣಪಡಿಸುವ ಔಷಧಿ ಇಲ್ಲ. ಐಸೋಪ್ರಿನೋಸಿನ್, ಇಂಟರ್‌ಫೆರಾನ್ ಕೆಲವರಲ್ಲಿ ವೇಗ ತಗ್ಗಿಸಬಹುದು ಅಷ್ಟೇ. ಹೆಚ್ಚಿನವರು 1ರಿಂದ 3 ವರ್ಷಗಳಲ್ಲಿ ಸಾವನ್ನಪ್ಪುತ್ತಾರೆ.

ಅಪರೂಪದ ಕಾಯಿಲೆ ಎನ್ನುವುದು ಸರಿ, ಆದರೆ ಎಳೆಯ ಮಕ್ಕಳ ಮಟ್ಟಿಗೆ ಅಷ್ಟೇನೂ ಅಪರೂಪವಲ್ಲ. 2017ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನದ ಪ್ರಕಾರ, 5 ವರ್ಷದೊಳಗೆ ದಡಾರ ಬಂದವರಲ್ಲಿ ಸುಮಾರು 1,367ಕ್ಕೆ ಒಬ್ಬರಿಗೆ, ವರ್ಷ ತುಂಬುವ ಮೊದಲೇ ಬಂದವರಲ್ಲಿ ಸುಮಾರು 609ಕ್ಕೆ ಒಬ್ಬರಿಗೆ ಇದು ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್ ಕೌಂಟಿ ಆರೋಗ್ಯ ಇಲಾಖೆ ಎಸ್‌ಎಸ್‌ಪಿಇಯಿಂದ ಶಾಲಾ ವಯಸ್ಸಿನ ಮಗುವೊಂದು ಸತ್ತಿದ್ದನ್ನು ತಿಳಿಸಿತು. ಆ ಮಗುವಿಗೆ ದಡಾರ ತಗುಲಿದ್ದು ಲಸಿಕೆ ಪಡೆಯುವ ವಯಸ್ಸಿಗೂ ಮುಂಚೆ. ಇಂಥ ಕೂಸುಗಳಿಗೆ ಸುತ್ತಲಿನವರ ಲಸಿಕೆಯೇ ಕಾವಲು. ನಮ್ಮಲ್ಲೂ ಇದು ದೂರದ ಕಥೆಯಲ್ಲ: ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇಂಥ ಮಕ್ಕಳನ್ನು ನೋಡುತ್ತಿದ್ದಾರೆ.

ಲಸಿಕೆಯಿಂದಲೇ ಎಸ್‌ಎಸ್‌ಪಿಇ ಬರುತ್ತದೆಯೇ? ಇಲ್ಲ. ರೋಗಿಗಳ ಮೆದುಳಿನ ಅಂಗಾಂಶದಲ್ಲಿ ಪತ್ತೆಯಾಗಿರುವುದು ಹೊರಗೆ ಹರಡುವ ವೈರಸ್, ಲಸಿಕೆಯದ್ದಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಎಂಆರ್ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಸುಳ್ಳುಗಳು ಪೋಷಕರನ್ನು ಹೆದರಿಸಿದ್ದವು. ಹೆದರಬೇಕಾಗಿದ್ದು ಕಾಯಿಲೆಗೆ.

ಸರ್ಕಾರಿ ವೇಳಾಪಟ್ಟಿಯಲ್ಲಿ ಎಂಆರ್ ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ತಪ್ಪಿಹೋಗಿದ್ದರೆ 5 ವರ್ಷದವರೆಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಬಹುದು. ತಾಯಿ ಕಾರ್ಡ್ ತೆಗೆದು ನೋಡಿ; ಅನುಮಾನವಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.