ಯಾರಿಗೆ ಕೊಡುತ್ತೀರಿ?

ಈ ಸಂಚಿಕೆಗಾಗಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಓದುಗರಿಗೆ ಎರಡು ಪ್ರಶ್ನೆ ಕಳಿಸಿದ್ದೆವು. ನಿಮಗೆ ಬಹಳ ಹಿಡಿಸಿದ ಪುಸ್ತಕ ಯಾವುದು? ಅದನ್ನು ಯಾರ ಕೈಗೆ ಕೊಡುತ್ತೀರಿ? ಮೊದಲನೆಯದಕ್ಕೆ ಉತ್ತರಗಳು ಸಲೀಸಾಗಿ ಬಂದವು: ಕರ್ವಾಲೊ, ಬೆಟ್ಟದ ಜೀವ, ಒಡಲಾಳ, ಊರುಕೇರಿ, ಕಗ್ಗ. ಎರಡನೆಯದರ ಮುಂದೆ ಬಹಳ ಮಂದಿ ಒಂದು ಗೆರೆ ಎಳೆದು ಬಿಟ್ಟಿದ್ದರು. ಉಳಿದವರಲ್ಲಿ ಹೆಚ್ಚಿನವರು ‘ಎಲ್ಲರಿಗೂ’ ಎಂದಿದ್ದರು. ಪುಸ್ತಕವನ್ನು ಮೆಚ್ಚುವುದು ನಮಗೆ ಗೊತ್ತಿದೆ. ಇದು ಇಂಥವರಿಗೇ ಸೇರಬೇಕು ಎಂದು ಒಬ್ಬರ ಮುಖ ನೆನೆಯುವುದು ಕಷ್ಟ.

ಒಂದು ಉತ್ತರ ಮಾತ್ರ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರಿಂದ ಗೃಹಿಣಿಯೊಬ್ಬರು ಬರೆದದ್ದು. ಅವರ ಪುಸ್ತಕ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಕೊಡುವುದು ಯಾರಿಗೆ ಎಂಬಲ್ಲಿ ‘ನಮ್ಮತ್ತೆಗೆ, ಅವರಿಗೆ ಓದು ಬರೋದಿಲ್ಲ’ ಎಂದು ಬರೆದಿದ್ದಾರೆ. ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸಿ ಬೀಜ ತೆಗೆಯುವ ಕೆಲಸ ಅತ್ತೆ ಸೊಸೆಗೆ ದಿನಗಟ್ಟಲೆ ಇರುತ್ತದಂತೆ. ಸೊಸೆ ಹಿಂದಿನ ರಾತ್ರಿ ಓದಿದಷ್ಟನ್ನು ಮರುದಿನ ಹುಣಸೆ ರಾಶಿಯ ಮುಂದೆ ತೆಲುಗಿನಲ್ಲಿ ಹೇಳುತ್ತಾರೆ. ಮಲೆನಾಡಿನ ಬ್ರಾಹ್ಮಣ ಮನೆಯ ಬಾಲವಿಧವೆಯ ಕತೆ, ಬಯಲುಸೀಮೆಯ ಒಕ್ಕಲು ಮನೆಯ ಅಂಗಳದಲ್ಲಿ, ಇನ್ನೊಂದು ಭಾಷೆಯಲ್ಲಿ. ‘ತರ್ವಾತ ಏಮಾಯ?’ ಎಂದು ಅತ್ತೆ ಕೇಳುತ್ತಾರೆ. ಮುಂದೇನಾಯಿತು ಎಂಬ ಆ ಪ್ರಶ್ನೆಗೆ ಉತ್ತರ ಬೇಕೆಂದೇ ತಾನು ರಾತ್ರಿ ಇನ್ನೂ ನಾಲ್ಕು ಪುಟ ಹೆಚ್ಚಿಗೆ ಓದುತ್ತೇನೆ ಎಂದು ಸೊಸೆ ಬರೆದಿದ್ದಾರೆ.

ನಮ್ಮ ಸೀಮೆಯಲ್ಲಿ ಪುಸ್ತಕ ಕೈಯಿಂದ ಕೈಗೆ ದಾಟುವ ಬಗೆಯೇ ಇದು ಎಂದು ಈ ಪತ್ರ ಓದಿದಾಗ ಹೊಳೆಯಿತು. ಮುಳಬಾಗಿಲು, ಶ್ರೀನಿವಾಸಪುರದ ಅನೇಕ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ನಂಗಲಿ ದಾಟಿದರೆ, ರಾಯಲ್ಪಾಡು ದಾಟಿದರೆ ಆಂಧ್ರ. ತಮಿಳು, ಉರ್ದು ಮನೆಮಾತಿನವರೂ ನಮ್ಮ ಪೇಟೆಗಳಲ್ಲಿ ಕಡಿಮೆಯಿಲ್ಲ. ಹೀಗಾಗಿ ಇಲ್ಲಿ ‘ಈ ಪುಸ್ತಕ ಓದು’ ಎಂದು ಹೇಳಿದರೆ ಸಾಲದು. ‘ದಾಂಟ್ಲೋ ಏಮುಂದಿ?’, ಅದರಲ್ಲಿ ಏನಿದೆ, ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಅದಕ್ಕೆ ಮನೆಯ ಮಾತಿನಲ್ಲಿ ಉತ್ತರ ಕೊಡಬೇಕು. ಕೊಡುವವರು ಮೊದಲು ಕತೆಗಾರರಾಗಬೇಕು.

ಎರಡು ಭಾಷೆಯ ನಡುವಿನ ಈ ಓಡಾಟ ನಮಗೆ ಹೊಸದಲ್ಲ. ಜನ ತಾತಯ್ಯ ಎಂದೇ ಕರೆಯುವ ಕೈವಾರದ ಯೋಗಿ ನಾರೇಯಣರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೂ ಕೈವಾರ ಕೋಲಾರ ಜಿಲ್ಲೆಯದೇ. ತಾತಯ್ಯನವರ ತೆಲುಗು ಪದಗಳನ್ನು ನಮ್ಮ ಭಜನೆಯವರು ಹಾಡುವುದು ಕನ್ನಡ ಲಿಪಿಯ ಪುಸ್ತಕ ಹಿಡಿದು. ಕಣ್ಣಿಗೆ ಕನ್ನಡ, ಕಿವಿಗೆ ತೆಲುಗು. ಇಷ್ಟು ಅಭ್ಯಾಸವಿರುವ ಜನಕ್ಕೆ ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಹೇಳುವುದು ದೊಡ್ಡ ಮಾತೇ ಅಲ್ಲ. ಯಂಡಮೂರಿ ವೀರೇಂದ್ರನಾಥರ ಕಾದಂಬರಿಗಳು ಕನ್ನಡ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕಾಲ ನೆನಪಿದೆ. ತೆಲುಗಿನಲ್ಲಿ ಮೊದಲೇ ಓದಿದ್ದ ನೆಂಟರು ಮನೆಗೆ ಬಂದರೆ ಮುಂದಿನ ವಾರದ ಕತೆ ಹೇಳಬೇಡಿ ಎಂದು ನಾವು ಕಿವಿ ಮುಚ್ಚಿಕೊಳ್ಳುತ್ತಿದ್ದೆವು. ಅಮ್ಮ ಮಾತ್ರ ಅಡುಗೆಮನೆಗೆ ಕರೆದು ಹೇಳಿಸಿಕೊಳ್ಳುತ್ತಿದ್ದರು.

ಮಾಲೂರು ತಾಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರನ್ನು ಕನ್ನಡದ ಆಸ್ತಿ ಎಂದು ಕರೆಯುವಾಗ ಈ ವಿಷಯ ನಮಗೆ ನೆನಪಿರಬೇಕು. ಅವರ ಎಷ್ಟೋ ಕತೆಗಳು ಯಾರೋ ಯಾರಿಗೋ ಎದುರು ಕುಳಿತು ಹೇಳಿದಂತೆ ಇರುವುದಕ್ಕೂ ಈ ಸೀಮೆಯ ಗುಣಕ್ಕೂ ನಂಟಿದೆ ಎಂದೇ ನನ್ನ ನಂಬಿಕೆ. ‘ರಂಗನ ಮದುವೆ’ಯನ್ನೇ ನೋಡಿ. ಶ್ಯಾಮ ಎಂಬಾತ ತನ್ನ ಹೊಸಹಳ್ಳಿಯ ಕತೆ ಹೇಳಲು ಕೂರುತ್ತಾನೆ. ಆದರೆ ನೇರ ಕತೆಗೆ ಬರುವುದಿಲ್ಲ. ಊರಿನ ಮಾವಿನಕಾಯಿಯ ಹುಳಿ ಎಂಥದ್ದು ಎಂಬಲ್ಲಿಂದ ಶುರು. ಬೆಂಗಳೂರಿನಲ್ಲಿ ಓದಿ ಬಂದ ಹುಡುಗನನ್ನು ನೋಡಲು ಊರೇ ನೆರೆಯುವುದು ಆಮೇಲೆ. ಈ ಕತೆ ಇಂಗ್ಲಿಷಿಗೆ ಹೋಗಿ ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕದಲ್ಲಿ ಹಲವು ವರ್ಷ ಇತ್ತು. ಎಲ್ಲೆಲ್ಲಿಯದೋ ರಾಜ್ಯಗಳ ಮಕ್ಕಳು ಹೊಸಹಳ್ಳಿಯ ಮಾವಿನಕಾಯಿ ಕಚ್ಚಿ ಹಲ್ಲು ಚಳಿ ಹಿಡಿಸಿಕೊಂಡರು. ನಮ್ಮ ದೊಡ್ಡಮ್ಮನಿಗೆ ನಾನು ಈ ಕತೆ ಹೇಳಿದಾಗ ಅವರು ಮದುವೆಯ ವಿಷಯ ಬಿಟ್ಟು, ‘ಅಂಥಾ ಹುಳಿ ಅಂದ್ರೆ ಅದು ನಾಟಿ ಗಿಡ, ಕಸಿ ಮಾಡಿದ್ದಲ್ಲ’ ಎಂದು ತೀರ್ಮಾನ ಕೊಟ್ಟರು. ಬಾದಾಮಿ, ರಸಪೂರಿ, ತೋತಾಪುರಿ ತೋಪುಗಳ ನಡುವೆ ಬದುಕಿದವರು. ಯಾವ ವಿಮರ್ಶಕರೂ ಹೇಳದ ಮಾತು ಅದು.

ಮಾಸ್ತಿಯವರನ್ನು ಓದಬೇಕು ಎಂದು ಬರುವ ಹುಡುಗರ ಕೈಗೆ ‘ಚಿಕವೀರ ರಾಜೇಂದ್ರ’ ಇಡುವ ರೂಢಿ ನಮ್ಮಲ್ಲಿದೆ. 1983ರ ಜ್ಞಾನಪೀಠ ಬಂದ ಕಾದಂಬರಿ, ದೊಡ್ಡ ಪುಸ್ತಕ, ಸರಿ. ನಾನು ಕೊಡುವುದಿಲ್ಲ. ಇಪ್ಪತ್ತರ ಹುಡುಗ ಕೊಡಗಿನ ಅರಮನೆಯ ಮೆಟ್ಟಿಲಲ್ಲೇ ಕಳೆದುಹೋಗಿ, ಮಾಸ್ತಿ ನನಗಲ್ಲ ಎಂದುಕೊಂಡು ಹಿಂದಿರುಗಿಸಿದ್ದನ್ನು ನೋಡಿದ್ದೇನೆ. ಸಣ್ಣ ಕತೆಗಳಿಂದ ಶುರು ಮಾಡಿದವರು ಕಾದಂಬರಿಗೆ ತಾವಾಗಿಯೇ ಬರುತ್ತಾರೆ. ಮಾಲೂರು ತಾಲೂಕಿನಲ್ಲಿ ಅವರ ಮನೆಯೇ ಈಗ ಗ್ರಂಥಾಲಯವಾಗಿದೆ. 1944ರಿಂದ ಎರಡು ದಶಕ ‘ಜೀವನ’ ಪತ್ರಿಕೆ ನಡೆಸಿ, ಬೇರೆಯವರ ಬರವಣಿಗೆಯನ್ನು ಓದುಗರಿಗೆ ಮುಟ್ಟಿಸಿದವರ ಮನೆಗೆ ಇದಕ್ಕಿಂತ ತಕ್ಕ ಉಪಯೋಗ ನನಗೆ ತೋಚುವುದಿಲ್ಲ.

ಮುಳಬಾಗಿಲಿನವರಿಗೆ ಡಿವಿಜಿ ಇದ್ದಾರೆ. ಹುಟ್ಟಿದ್ದು 1887ರಲ್ಲಿ, ಮಾಸ್ತಿಗಿಂತ ನಾಲ್ಕು ವರ್ಷ ಹಿರಿಯರು. ಮೆಟ್ರಿಕ್ ದಾಟದ ಈ ಮನುಷ್ಯ ಕೊನೆಯವರೆಗೂ ಓದುತ್ತ, ಓದಿಸುತ್ತ ಇದ್ದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ ಅಲ್ಲಿ ಅಧ್ಯಯನ ಗೋಷ್ಠಿ ನಡೆಸಿದರು. ನಾಲ್ಕು ಜನ ಒಂದು ಪುಸ್ತಕದ ಸುತ್ತ ಕುಳಿತು ಸಾಲು ಸಾಲಾಗಿ ಅರ್ಥ ಬಿಡಿಸುವುದು ಅವರಿಗೆ ಸಾರ್ವಜನಿಕ ಕೆಲಸವೇ ಆಗಿತ್ತು. ಈಗ ಅವರ ಹೆಸರಿನಲ್ಲಿ ನಾವು ಮಾಡುವುದೇನು? 1943ರ ‘ಮಂಕುತಿಮ್ಮನ ಕಗ್ಗ’ವನ್ನು ಮದುವೆಗೆ, ಗೃಹಪ್ರವೇಶಕ್ಕೆ, ನಿವೃತ್ತಿಯ ಬೀಳ್ಕೊಡುಗೆಗೆ ಹಾರದ ಜೊತೆ ಕೊಟ್ಟುಬಿಡುತ್ತೇವೆ. ಕಗ್ಗ ದೊಡ್ಡ ಪುಸ್ತಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರತಿಗಳಲ್ಲಿ ಎಷ್ಟೋ ಷೋಕೇಸಿನ ಗಾಜಿನ ಹಿಂದೆ ಉಳಿಯುತ್ತವೆ. ಡಿವಿಜಿಯವರನ್ನು ಮೊದಲ ಸಲ ಓದುವವರಿಗೆ ನಾನು ಕೊಡುವುದು ‘ಜ್ಞಾಪಕ ಚಿತ್ರಶಾಲೆ’ಯ ಯಾವುದಾದರೂ ಒಂದು ಸಂಪುಟ. ಮನುಷ್ಯರ ಚಿತ್ರಗಳು ತುಂಬಿರುವ ಆ ಪುಸ್ತಕವನ್ನು ಎಲ್ಲಿಂದ ತೆರೆದರೂ ಓದಬಹುದು, ಯಾರಿಗೆ ಬೇಕಾದರೂ ಬಾಯಲ್ಲಿ ಹೇಳಬಹುದು.

ಹಾಗೆ ಕೊಟ್ಟ ಸಂಪುಟವೊಂದು ಮುಳಬಾಗಿಲಿನ ಗೆಳೆಯರ ಮನೆಯಿಂದ ಎರಡು ವರ್ಷದ ನಂತರ ವಾಪಸು ಬಂತು. ಅಷ್ಟರಲ್ಲಿ ಅದು ಮೂರು ಮನೆ ತಿರುಗಿತ್ತಂತೆ. ತೆರೆದು ನೋಡಿದರೆ ಕಷ್ಟದ ಕನ್ನಡ ಪದಗಳ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ತೆಲುಗು ಅರ್ಥ ಬರೆದಿದ್ದರು, ಕನ್ನಡ ಅಕ್ಷರದಲ್ಲಿ. ಯಾರ ಬರಹ ಎಂದು ಗೆಳೆಯರಿಗೂ ತಿಳಿಯದು. ಹಾಳೆ ಮಡಿಸಿದರೂ ಸಿಡುಕುವ ನನಗೆ ಆ ಪುಸ್ತಕ ಮೊದಲಿಗಿಂತ ಬೆಲೆಯುಳ್ಳದ್ದಾಗಿ ಕಂಡಿತು. ಈಗ ಅದನ್ನೇ ಮತ್ತೆ ಬೇರೆಯವರಿಗೆ ಕೊಡುತ್ತೇನೆ. ಹೊಸ ಪ್ರತಿ ಕೊಡುವುದಿಲ್ಲ.

ಕೋಲಾರದ ಮಾತು ಬೇರೆ. ಇಲ್ಲಿ ಎಷ್ಟೋ ಪುಸ್ತಕಗಳು ಹಾಡಾಗಿ ಊರು ಸೇರಿದವು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ದಲಿತ ಸಂಘರ್ಷ ಸಮಿತಿ ಗಟ್ಟಿಯಾಗಿ ಬೇರೂರಿದ ಈ ಜಿಲ್ಲೆಯ ಕೇರಿಗಳಲ್ಲಿ ಆ ಸಂಕಲನವನ್ನು ಕಣ್ಣಲ್ಲಿ ನೋಡದವರಿಗೂ ಅದರ ಹಾಡುಗಳು ಬರುತ್ತಿದ್ದವು. ತಮಟೆಯ ಜೊತೆ ಕೇಳಿದ್ದನ್ನು ಆಮೇಲೆ ಹುಡುಕಿಕೊಂಡು ಹೋಗಿ ಓದಿದ ತಲೆಮಾರು ಅದು. ಮುಂದೆ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರ ಹುಟ್ಟಿ, ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕ ನಡೆದದ್ದೂ ಇದೇ ದಾರಿಯ ಮುಂದುವರಿಕೆ. ನಾಟಕ ನೋಡಿ ಕತ್ತಲಲ್ಲಿ ಬೆಟ್ಟ ಇಳಿಯುವಾಗ ‘ಇದರ ಮೂಲ ಯಾವ ಪುಸ್ತಕ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಬ್ಬ ಓದುಗ ಹುಟ್ಟುವ ಗಳಿಗೆ ಅದು.

ಸರ್ಕಾರದ ಕೆಲಸದ ಬಗ್ಗೆಯೂ ಒಂದು ಮಾತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ ಮಕ್ಕಳಿಗಾಗಿ ‘ಓದುವ ಬೆಳಕು’ ಶುರುವಾಯಿತು. ಈಗ ಆ ಗ್ರಂಥಾಲಯಗಳನ್ನು ಅರಿವು ಕೇಂದ್ರ ಎನ್ನುತ್ತೇವೆ. ಗೋಡೆಗೆ ಬಣ್ಣ, ಕಂಪ್ಯೂಟರು, ಹೊಸ ಕಪಾಟು ಬಂದಿವೆ, ಬರಲಿ. ನಾನು ಹೋದಲ್ಲೆಲ್ಲ ಗಮನಿಸುವುದು ಮೇಲ್ವಿಚಾರಕರನ್ನು. ‘ನಿನ್ನೆ ಒಯ್ದದ್ದು ಮುಗಿಸಿದೆಯಾ? ಹಾಗಾದರೆ ಇದನ್ನು ನೋಡು’ ಎಂದು ಮಗುವಿನ ಹೆಸರು ಹಿಡಿದು ಕರೆಯುವವರು ಒಬ್ಬರಿದ್ದರೆ ಆ ಕೊಠಡಿ ಬದುಕಿದೆ. ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬುದು. ಇನ್ನೊಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬುದು. ಇವೆರಡನ್ನೂ ಕೂಡಿಸಲು ನಡುವೆ ಆ ಊರಿನ ಮಕ್ಕಳನ್ನು ಬಲ್ಲ ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೆ ಗೌರವದ ಸಂಬಳ ಕೊಡುವುದು ಬಣ್ಣ ಹೊಡೆಸುವುದಕ್ಕಿಂತ ಮೊದಲಾಗಬೇಕಿತ್ತು.

ಎರಡು ಪ್ರಶ್ನೆಗೆ ನನ್ನ ಉತ್ತರವನ್ನೂ ಬರೆಯಬೇಕಲ್ಲ. ನನ್ನ ಪುಸ್ತಕ ಕೆ.ವೈ. ನಾರಾಯಣಸ್ವಾಮಿ ಅವರ ‘ನೀರದೀವಿಗೆ’. ನಾಟಕಕಾರರೆಂದು ಹೆಸರಾದ ಇವರೂ ಮಾಲೂರು ತಾಲೂಕಿನವರು; ಇದು ಕೆರೆ, ನೀರು, ಅದರ ಸುತ್ತಲಿನ ಜನಪದವನ್ನು ಕುರಿತ ಅವರ ಸಂಶೋಧನೆ. ಕೊಟ್ಟದ್ದು ಮಾಲೂರಿನಿಂದ ವೈಟ್‌ಫೀಲ್ಡಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವ ಒಬ್ಬ ಹುಡುಗನಿಗೆ. ಅವನ ತಾತ ಊರಿನ ನೀರಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬಿನ ಬಳಿ ನಿಂತು ಹಂಚುತ್ತಿದ್ದವರು. ಹುಡುಗನಿಗೆ ನೀರಗಂಟಿ ಎಂಬ ಪದವೇ ಗೊತ್ತಿರಲಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬರುತ್ತಿರುವುದು ಗೊತ್ತಿತ್ತು. ಸಂಶೋಧನೆಯ ಪುಸ್ತಕ, ನನಗೆ ಯಾಕೆ ಎಂದ. ರೈಲಿನಲ್ಲಿ ಪಕ್ಕದಲ್ಲಿ ಕೂತು ಅದರಲ್ಲಿ ಏನಿದೆ ಎಂದು ಹೇಳುತ್ತ ಹೋದೆ. ಇಳಿಯುವಾಗ ಅವನೇ ಕೈ ಚಾಚಿದ.

ಮೂರು ತಿಂಗಳಾಯಿತು, ಪುಸ್ತಕ ಇನ್ನೂ ಬಂದಿಲ್ಲ. ಕಳೆದ ವಾರ ಫೋನ್ ಮಾಡಿದ್ದ. ಅಜ್ಜಿಗೆ ಓದಿ ಹೇಳುತ್ತಿದ್ದಾನಂತೆ, ಭಾನುವಾರ ಮಾತ್ರ, ತೆಲುಗಿನಲ್ಲಿ. ಅಜ್ಜಿ ನಡುನಡುವೆ ನಿಲ್ಲಿಸಿ ತಮ್ಮ ಕೆರೆಯ ಸಂಗತಿ ಸೇರಿಸುತ್ತಾರಂತೆ; ಅದನ್ನೆಲ್ಲ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಬಹುದಾ ಎಂದು ಕೇಳಿದ. ಬರಿ ಅಂದೆ.