ಸೈಲೆನ್ಸರ್ ಬದಲಿಸಿದರೆ ಹೊಗೆ ಹೋದೀತೆ?

ಸೈಲೆನ್ಸರ್ ಇರುವುದು ಸದ್ದು ಅಡಗಿಸುವುದಕ್ಕೆ. ಅದರ ಹೆಸರೇ ಹಾಗೆಂದು ಹೇಳುತ್ತದೆ. ಆದರೂ ಎಫ್.ಸಿ. ಹತ್ತಿರ ಬಂತೆಂದರೆ ಸಾಕು, ನಮ್ಮೂರಿನ ಗ್ಯಾರೇಜುಗಳ ಮುಂದೆ ಹಳೆಯ ಲಾರಿಗಳು ಸಾಲಾಗಿ ನಿಂತು ಹೊಸ ಸೈಲೆನ್ಸರ್ ಹಾಕಿಸಿಕೊಳ್ಳುತ್ತವೆ. ಯಾಕೆ ಎಂದು ಕೇಳಿದರೆ, "ಹೊಗೆ ಟೆಸ್ಟು ಪಾಸಾಗ್ಬೇಕಲ್ಲ" ಎನ್ನುತ್ತಾರೆ. ಹೊಟ್ಟೆನೋವು ಎಂದು ಹೋದವನು ಹಲ್ಲು ಕಟ್ಟಿಸಿಕೊಂಡು ಬಂದ ಹಾಗೆ!

ಲಾರಿಯ ವಿಷಯ ಹೆಂಗಸಿಗೇಕೆ ಎಂದು ಯಾರಾದರೂ ಮೂಗೆಳೆಯುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ 2008ರ ಮಾಡೆಲಿನ ಒಂದು ಲಾರಿ ಇದೆ. ಓಡಿಸುವವನು ನನ್ನ ಮೈದುನ, ಬಾಡಿಗೆ ಗೊತ್ತುಮಾಡುವವರು ನನ್ನವರು, ಲೆಕ್ಕ ಬರೆಯುವವಳು ನಾನು. ಇಲ್ಲಿಂದ ಕೊಬ್ಬರಿ, ಹೆಂಚು ಹೋಗುತ್ತದೆ. ಮಂಗಳೂರಿನಿಂದ ಬರುವಾಗ ಸಿಕ್ಕರೆ ಗೊಬ್ಬರ, ಇಲ್ಲವಾದರೆ ಖಾಲಿ. ಈ ಲಾರಿಗೆ ಟೈರು ಹಾಕಿಸಿದಾಗಲೆಲ್ಲ ನನ್ನ ಬಳೆಗಳು ಸೊಸೈಟಿಯ ತಿಜೋರಿಯಲ್ಲಿ ಒಂದಷ್ಟು ತಿಂಗಳು ಇದ್ದು ಬಂದಿವೆ. ಬಳೆ ನನ್ನದಾದ ಮೇಲೆ ಮಾತೂ ನನ್ನದೇ.

ಕಳೆದ ಸಲ ಹೊಗೆ ತಪಾಸಣೆಯಲ್ಲಿ ನಮ್ಮ ಲಾರಿ ಫೇಲಾಯಿತು. ಮಾರನೆಯ ದಿನ ಗ್ಯಾರೇಜಿನಿಂದ ಒಂದು ಚೀಟಿ ಬಂತು: ಸೈಲೆನ್ಸರ್ ಡಬ್ಬ, ಮುಂದಿನ ಬೆಂಡ್ ಪೈಪು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಎರಡು ಕ್ಲ್ಯಾಂಪು, ಕೂಲಿ, ಎಲ್ಲ ಸೇರಿ ಹದಿನಾಲ್ಕು ಸಾವಿರದ ಇನ್ನೂರು. ನಾನು ಚೀಟಿ ಹಿಡಿದು ನೇರ ಗ್ಯಾರೇಜಿಗೇ ಹೋದೆ.

"ಮೇಸ್ತ್ರಿ, ಇಷ್ಟೆಲ್ಲ ಹಾಕಿದ್ರೆ ಹೊಗೆ ಕಮ್ಮಿ ಆಗುತ್ತಾ?"

ಅವರು ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಕ್ಕರು. "ಅಕ್ಕಾ, ನಿಜ ಹೇಳ್ಲಾ? ಹೊಗೆ ಹುಟ್ಟೋದು ಇಂಜಿನ್ನಾಗೆ. ಇದು ಬರೀ ಅದು ಹೋಗೋ ದಾರಿ."

"ಮತ್ಯಾಕೆ ಇದನ್ನ ಬದಲಾಯಿಸೋದು?"

"ಕಣ್ಣಿಗೆ ಕಾಣೋದು ಇದೇ ಅಲ್ವಾ? ತೂತು ಬಿದ್ದಿದ್ರೆ ಎಫ್.ಸಿ. ಟೈಮಲ್ಲಿ ಸಾಹೇಬ್ರು ಸದ್ದಲ್ಲೇ ಹಿಡಿದುಬಿಡ್ತಾರೆ. ಹೊಗೆಗೆ ಬೇರೆ ಉಪಾಯ ಐತೆ. ಪಂಪಿನ ಸ್ಕ್ರೂ ಒಂಚೂರು ಇಳಿಸ್ತೀನಿ. ಪಾಸಾದ ಮೇಲೆ ಬನ್ನಿ, ಮತ್ತೆ ಏರಿಸ್ಕೊಡ್ತೀನಿ."

ಇಷ್ಟು ಪ್ರಾಮಾಣಿಕವಾಗಿ ಮೋಸದ ವಿವರ ಹೇಳುವವರನ್ನು ನಾನು ನೋಡಿರಲಿಲ್ಲ. ಆದರೆ ನನ್ನ ಸಿಟ್ಟು ಮೇಸ್ತ್ರಿಯ ಮೇಲಲ್ಲ. ಆತ ಕೇಳಿದವರಿಗೆ ಕೇಳಿದ್ದನ್ನು ಮಾರುತ್ತಾನೆ. ಎಲ್ಲರೂ ಕೇಳುವುದು ಕಾಗದವನ್ನು.

ಇದರ ಗುಟ್ಟು ಅಡುಗೆಮನೆಯಲ್ಲಿ ಬೆಂದವರಿಗೆ ಬೇಗ ಅರ್ಥವಾದೀತು. ಸೌದೆ ಒಲೆಯಲ್ಲಿ ಹೊಗೆ ಯಾವಾಗ ಬರುತ್ತದೆ? ಹಸಿ ಸೌದೆ ಇಟ್ಟಾಗ, ಒಲೆಯ ಬಾಯಿಗೆ ವಿಪರೀತ ತುರುಕಿ ಗಾಳಿ ಆಡದಂತೆ ಮಾಡಿದಾಗ. ಬೆಂಗಳೂರಿನ ವಿಜ್ಞಾನ ಮಂದಿರದವರು ರೂಪಿಸಿದ ಅಸ್ತ್ರ ಒಲೆ ನಮ್ಮ ಕಡೆಯ ಹಳ್ಳಿಗಳಿಗೆ ಬಂದಾಗ ನನ್ನ ತವರಿನಲ್ಲೂ ಒಂದನ್ನು ಕಟ್ಟಿಸಿದ್ದರು. ಅದಕ್ಕೆ ಚಿಮಣಿ ಇತ್ತು ನಿಜ. ಆದರೆ ಆ ಒಲೆಯ ಜಾಣತನವಿದ್ದದ್ದು ಒಳಗೆ: ಬೆಂಕಿಗೆ ಬೇಕಾದಷ್ಟು ಗಾಳಿ ಸಿಕ್ಕಿ ಸೌದೆ ಪೂರ್ತಿ ಉರಿಯುವಂತೆ, ಶಾಖವೆಲ್ಲ ಪಾತ್ರೆಗೇ ತಾಗುವಂತೆ ಅಳತೆಮಾಡಿ ಕಟ್ಟಿದ್ದರು. ಹಸಿ ಸೌದೆ ತುರುಕಿ ಚಿಮಣಿಯನ್ನಷ್ಟೇ ಹೊಸದು ಮಾಡಿದರೆ ಹೊಗೆ ಪಕ್ಕದ ಮನೆಗೆ ಹೋದೀತೇ ವಿನಾ ಇಲ್ಲವಾಗದು.

ಡೀಸೆಲ್ ಇಂಜಿನ್ನೂ ಹೀಗೆಯೇ. ಒಳಗೆ ಹೋದ ಗಾಳಿಗಿಂತ ಡೀಸೆಲ್ ಹೆಚ್ಚಾದರೆ ಅದು ಪೂರ್ತಿ ಉರಿಯದೆ ಕರಿಯಾಗಿ ಹೊರಬೀಳುತ್ತದೆ. ಏರ್ ಫಿಲ್ಟರ್ ಧೂಳು ಕಟ್ಟಿದರೆ ಗಾಳಿ ಕಡಿಮೆ. ನಾಜಲ್ ಸವೆದರೆ ಡೀಸೆಲ್ ಮಂಜಿನಂತೆ ಸಿಡಿಯುವ ಬದಲು ತೊಟ್ಟಿಕ್ಕುತ್ತದೆ. ಪಂಪು ಹೆಚ್ಚು ಎಣ್ಣೆ ಕೊಡುವಂತೆ ಸ್ಕ್ರೂ ಏರಿಸಿದ್ದರೆ ಎಳೆಯುವ ಶಕ್ತಿ ಹೆಚ್ಚುತ್ತದೆ, ಹೊಗೆಯೂ ಹೆಚ್ಚುತ್ತದೆ. ಹೊಗೆ ನೀಲಿಯಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ; ಅದರ ಖರ್ಚಿನ ಮಾತು ಬೇಡ. ಈ ಪಟ್ಟಿಯಲ್ಲಿ ಸೈಲೆನ್ಸರ್ ಎಲ್ಲಿದೆ? 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.-6 ಲಾರಿಗಳಲ್ಲಿ ಹೊಗೆ ಕೊಳವೆಯ ಜೊತೆಗೇ ಮಸಿ ಹಿಡಿಯುವ ಜರಡಿ, ಯೂರಿಯಾ ದ್ರವ ಸಿಂಪಡಿಸುವ ಏರ್ಪಾಡು ಎಲ್ಲ ಇರುತ್ತವೆ. ಅಲ್ಲಿ ಕೊಳವೆಯ ಭಾಗಗಳು ಕೆಟ್ಟರೆ ಗಾಳಿಯೇ ಕೆಟ್ಟ ಹಾಗೆ. ನಮ್ಮಂಥವರ ಹಳೆಯ ಲಾರಿಯಲ್ಲಿರುವುದು ಒಂದು ತಗಡಿನ ಡಬ್ಬ, ಒಳಗೆ ತೂತು ಕೊರೆದ ಪೈಪು, ಅಷ್ಟೇ.

ಇನ್ನು ತಪಾಸಣೆಯ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರವು. ಹೊಗೆಯ ಮಾತು ಬರುವುದು ಅದರ 115ನೇ ನಿಯಮದಲ್ಲಿ. ನಮ್ಮ ಲಾರಿಯ ಕಾಲದ ಡೀಸೆಲ್ ಗಾಡಿಗಳ ಹೊಗೆ 65 ಹಾರ್ಟ್‌ರಿಡ್ಜ್ ಯೂನಿಟ್ ಮೀರಬಾರದು. ಹೆಸರು ಕೇಳಿ ಹೆದರಬೇಡಿ. ಹೊಗೆಯನ್ನು ಒಂದು ಕೊಳವೆಗೆ ತುಂಬಿ ಒಂದು ಕಡೆಯಿಂದ ಬೆಳಕು ಬಿಡುತ್ತಾರೆ. ನೂರು ಪಾಲು ಬೆಳಕಿನಲ್ಲಿ ಅರವತ್ತೈದು ಪಾಲನ್ನು ಹೊಗೆ ನುಂಗಿದರೆ 65. ಮಸಿ ಹಿಡಿದ ಲಾಟೀನು ಗಾಜನ್ನು ಒರೆಸಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಅಂದಹಾಗೆ, ಮುಕ್ಕಾಲು ಪಾಲು ಮಸಿ ಹಿಡಿಯಲು ಸ್ವಲ್ಪವೇ ಕಡಿಮೆ ಇರುವ ಗಾಜನ್ನು ಯಾವ ಅತ್ತೆಯೂ ಪಾಸು ಮಾಡಿರಲಾರಳು!

ಈ ಅಳತೆ ಯಾವಾಗ ನಡೆಯುತ್ತದೆ ನೋಡಿ. ಖಾಲಿ ಲಾರಿಯನ್ನು ನಿಂತಲ್ಲೇ ನಿಲ್ಲಿಸಿ ಆಕ್ಸಿಲರೇಟರನ್ನು ನಾಲ್ಕಾರು ಸಲ ಒತ್ತಿ ಬಿಡುತ್ತಾರೆ. ಮುಗಿಯಿತು. ಗೊಬ್ಬರ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ಅದೇ ಲಾರಿ ಎರಡನೇ ಗೇರಿನಲ್ಲಿ ನರಳುತ್ತ ಉಗುಳುವ ಹೊಗೆಯನ್ನು ಯಾರೂ ಅಳೆಯುವುದಿಲ್ಲ. ಅದರ ಹಿಂದೆ ಬೈಕಿನಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡು ಬರುತ್ತಿರುವ ತಾಯಿ ಅಳೆಯುತ್ತಾಳೆ, ಸೆರಗಿನಿಂದ. ಬಿ.ಎಸ್.-4ಕ್ಕಿಂತ ಹಿಂದಿನ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ ಈ ಕಾಗದ ಬೇಕು. ಎಂದರೆ ವರ್ಷದಲ್ಲಿ ಎರಡು ದಿನ, ಹತ್ತು ಹತ್ತು ನಿಮಿಷ, ಹೊರೆಯಿಲ್ಲದೆ ನಿಂತ ಲಾರಿ ಶುದ್ಧವಾಗಿ ಉಸಿರಾಡಿದರೆ ಮಿಕ್ಕ ದಿನಗಳ ಪಾಪವೆಲ್ಲ ಮಾಫಿ.

2019ರಲ್ಲಿ ಕಾಯಿದೆ ತಿದ್ದಿ ದಂಡವನ್ನು ಹತ್ತು ಸಾವಿರದವರೆಗೆ ಏರಿಸಿದರು. ದಂಡ ಏರಿದ್ದರಿಂದ ಏರಿದ್ದೇನು ಎಂದು ನಮ್ಮೂರಿನ ಹೆದ್ದಾರಿ ಬದಿಯ ಹೋಟೆಲಿನ ಹೆಣ್ಣುಮಗಳನ್ನು ಕೇಳಿ. ಕಾಗದಕ್ಕಾಗಿ ನುಗ್ಗುವವರ ಸಾಲು ಏರಿತು, ಅವಳ ದೋಸೆಕಲ್ಲಿನ ಮೇಲೆ ಕೂರುವ ಮಸಿ ಹಾಗೆಯೇ ಉಳಿಯಿತು.

ಇದೇನು ನಮ್ಮ ಸಣ್ಣ ಊರಿನ ಸಣ್ಣಬುದ್ಧಿ ಎಂದುಕೊಳ್ಳಬೇಡಿ. 2015ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಅಮೆರಿಕದಲ್ಲಿ ಸಿಕ್ಕಿಬಿತ್ತು. ಅವರ ಡೀಸೆಲ್ ಕಾರುಗಳಲ್ಲಿದ್ದ ತಂತ್ರಾಂಶಕ್ಕೆ ತಾನೀಗ ತಪಾಸಣೆಯಲ್ಲಿದ್ದೇನೆ ಎಂಬುದು ತಿಳಿಯುತ್ತಿತ್ತು. ಆಗ ಮಾತ್ರ ಹೊಗೆ ಹಿಡಿತದಲ್ಲಿರುತ್ತಿತ್ತು. ರಸ್ತೆಗಿಳಿದರೆ ವಿಷಾನಿಲ ಮಿತಿಗಿಂತ ನಲವತ್ತು ಪಟ್ಟಿನವರೆಗೂ. ಜಗತ್ತಿನಾದ್ಯಂತ ಅಂಥ ಸುಮಾರು ಒಂದು ಕೋಟಿ ಹತ್ತು ಲಕ್ಷ ಗಾಡಿಗಳಿದ್ದವು. ನಮ್ಮ ಮೇಸ್ತ್ರಿ ಸ್ಕ್ರೂಡ್ರೈವರಿನಲ್ಲಿ ಮಾಡುವುದನ್ನೇ ಅವರು ಕಂಪ್ಯೂಟರಿನಲ್ಲಿ ಮಾಡಿದ್ದರು. ಗಾಳಿಯ ಬದಲು ಪರೀಕ್ಷೆಯೇ ಮುಖ್ಯವಾದಾಗ ಬಡವನೂ ಸಾಹುಕಾರನೂ ಒಂದೇ ಪಾಠ ಕಲಿಯುತ್ತಾರೆ.

"ಹಳೇ ಲಾರಿಗಳನ್ನೆಲ್ಲ ಗುಜರಿಗೆ ಹಾಕಿಬಿಡಬೇಕು" ಎಂದು ಮೊನ್ನೆ ನಮ್ಮ ಮಹಿಳಾ ಸಮಾಜದಲ್ಲಿ ಮಾತಾಡಿದ ಶ್ರೀಮತಿಯೊಬ್ಬರು ಆವೇಶದಿಂದ ಹೇಳಿದರು. ಚಪ್ಪಾಳೆಯೂ ಬಿತ್ತು. ನನಗೆ ಆಕೆಯ ಮೇಲೆ ಕೋಪವಿಲ್ಲ, ಅವರ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಆದರೆ ಗುಜರಿಗೆ ಹಾಕಿದ ಮೇಲೆ? ಹೊಸ ಲಾರಿಯ ಸಾಲದ ಕಂತು ಕಟ್ಟುವವರು ಯಾರು? ಹತ್ತು ಲಾರಿಯ ಧಣಿ ಒಂದನ್ನು ಮಾರಿ ಇನ್ನೊಂದನ್ನು ತರುತ್ತಾನೆ. ಒಂದೇ ಲಾರಿಯವನ ಮನೆಯಲ್ಲಿ ಮಾರಲು ಉಳಿಯುವುದು ಹೆಂಡತಿಯ ಕೊರಳಿನದು. ಅಲ್ಲದೆ ದೊಡ್ಡ ಊರಿಗೆ ಬೇಡವಾದದ್ದು ಎಲ್ಲಿಗೆ ಹೋಗುತ್ತದೆ? 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ಓಡಬಾರದೆಂದು ಆದೇಶಿಸಿದಾಗ ಎಷ್ಟೋ ಗಾಡಿಗಳು ಎನ್.ಒ.ಸಿ. ಪಡೆದು ಬೇರೆ ರಾಜ್ಯಗಳ ದಾರಿ ಹಿಡಿದವು. ಹೊಗೆ ಸಾಯಲಿಲ್ಲ, ವರ್ಗವಾಯಿತು!

ನಾನು ಕೇಳುವುದು ಇಷ್ಟೇ. ಫೇಲಾದ ಲಾರಿಗೆ ಯಾಕೆ ಫೇಲಾಯಿತು ಎಂಬುದನ್ನು ಹೇಳಲಿ. ಈಗ ಕೈಗೆ ಬರುವುದು ಒಂದು ಅಂಕಿ. ಜ್ವರ ನೂರಾಮೂರು ಎಂದು ಬರೆದುಕೊಟ್ಟು ಮನೆಗೆ ಕಳಿಸುವ ವೈದ್ಯರನ್ನು ನಾವು ಒಪ್ಪುತ್ತೇವೆಯೆ? ಪಂಪು, ನಾಜಲ್ ಸರಿಮಾಡಿಸಲು ಸೊಸೈಟಿಗಳು ಕಡಿಮೆ ಬಡ್ಡಿಯ ಸಣ್ಣ ಸಾಲ ಕೊಡಲಿ. ಟ್ರ್ಯಾಕ್ಟರಿಗೆ ಕೊಡುವವರಿಗೆ ಇದೇನು ದೊಡ್ಡದಲ್ಲ. ಘಾಟಿಯ ತಲೆಯಲ್ಲಿ, ಹೊರೆ ಹೊತ್ತು ಬರುವ ಲಾರಿಗಳನ್ನು ನಿಲ್ಲಿಸಿ ನೋಡಲಿ. ಮಿತಿಮೀರಿ ಹೊರೆ ಹೇರಿಸುವ ಮಂಡಿಯ ಯಜಮಾನರಿಗೂ ದಂಡ ಹಾಕಲಿ. ಎರಡು ಟನ್ ಹೆಚ್ಚು ಹೇರದಿದ್ದರೆ ಬಾಡಿಗೆಯೇ ಇಲ್ಲ ಎನ್ನುವವರು ಅವರೇ. ಸ್ಕ್ರೂ ಏರುವುದು ಅವರಿಗಾಗಿ.

ಹಾಗಾದರೆ ಸೈಲೆನ್ಸರ್, ಪೈಪು ಬದಲಿಸುವುದೇ ಬೇಡವೆ? ಬೇಕು, ಖಂಡಿತ ಬೇಕು, ಆದರೆ ಬೇರೆ ಕಾರಣಕ್ಕೆ. ಡೀಸೆಲ್ ಉರಿದಾಗ ನೀರಿನ ಹಬೆಯೂ ಹುಟ್ಟುತ್ತದೆ. ಊರೊಳಗೇ ಗಿರಕಿ ಹೊಡೆಯುವ ಗಾಡಿಯ ಕೊಳವೆ ಪೂರ್ತಿ ಕಾಯದೆ ಆ ಹಬೆ ಒಳಗೇ ನೀರಾಗಿ ತಗಡನ್ನು ತಿನ್ನುತ್ತದೆ. ತೂತು ಬೀಳುವುದು ಹೆಚ್ಚಾಗಿ ಕೆಳಗೆ, ಕಣ್ಣಿಗೆ ಬೀಳದ ಕಡೆ. ಇಂಜಿನ್ನಿನ ಪಕ್ಕದ ಗ್ಯಾಸ್ಕೆಟ್ ಹೋದರಂತೂ ಹೊಗೆ ಹಿಂದಕ್ಕೆ ಹೋಗದೆ ಕ್ಯಾಬಿನ್ನಿಗೇ ನುಗ್ಗುತ್ತದೆ. ನಮ್ಮ ಮೈದುನ ಮೂರು ತಿಂಗಳಿಂದ ತಲೆನೋವು ಎನ್ನುತ್ತಿದ್ದ. ನಿದ್ದೆಗೆಟ್ಟದ್ದಕ್ಕೆ ಎಂದು ಅತ್ತೆ ಹರಳೆಣ್ಣೆ ತಟ್ಟುತ್ತಿದ್ದರು. ಅವನ ಕರವಸ್ತ್ರ ಒಗೆಯುವಾಗ ನೀರು ಕಪ್ಪಗಾಗುತ್ತಿತ್ತು. ಗ್ಯಾಸ್ಕೆಟ್ಟು, ಬೆಂಡ್ ಪೈಪು ಬದಲಾದ ವಾರದಲ್ಲಿ ತಲೆನೋವು ಹೋಯಿತು. ರಾತ್ರಿ ಚಳಿಗೆ ಇಂಜಿನ್ ಚಾಲೂ ಇಟ್ಟು ಕ್ಯಾಬಿನ್ನಿನ ಗಾಜು ಏರಿಸಿ ಮಲಗುವ ಕ್ಲೀನರ್ ಹುಡುಗರ ಗತಿ ಏನು ಎಂಬ ಸಾಲು ಯಾವ ತಪಾಸಣೆಯ ಕಾಗದದಲ್ಲಿದೆ?

ಲಾರಿ ನಮ್ಮನೇಲಿಲ್ಲ ಎಂದು ಪುಟ ತಿರುಗಿಸಬೇಡಿ. ನಿಮ್ಮ ಮಗು ಹೋಗುವ ಶಾಲೆಯ ವ್ಯಾನು ಎಷ್ಟು ವರ್ಷ ಹಳೆಯದು? ಪೆಟ್ರೋಲ್ ಇಂಜಿನ್ನಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ವ್ಯಾನಿನ ಹೊಟ್ಟೆಯಡಿ ಕೊಳವೆ ತೂತಾಗಿದ್ದು, ಕಾಲಡಿಯ ತಗಡೂ ತುಕ್ಕು ಹಿಡಿದಿದ್ದರೆ, ಮಳೆಗಾಲದಲ್ಲಿ ಗಾಜು ಮುಚ್ಚಿಕೊಂಡು ಕೂತ ಹತ್ತು ಹನ್ನೆರಡು ಮಕ್ಕಳು ಏನನ್ನು ಉಸಿರಾಡುತ್ತಾರೆ? ಫೀಜಿನ ರಸೀತಿ ಕೇಳುವಷ್ಟೇ ಧೈರ್ಯವಾಗಿ ಒಮ್ಮೆ ಕೇಳಿ: "ಸೈಲೆನ್ಸರ್ ಯಾವಾಗ ಬಿಚ್ಚಿ ನೋಡಿಸಿದ್ರಿ?" ವ್ಯಾನಿನವನು ಮುಖ ಗಂಟಿಕ್ಕಿಕೊಂಡಾನು. ಇಕ್ಕಿಕೊಳ್ಳಲಿ ಬಿಡಿ.

ನಮ್ಮ ಲಾರಿಯ ಕಥೆ ಇಷ್ಟು: ಮೇಸ್ತ್ರಿಗೆ ಸ್ಕ್ರೂ ಮುಟ್ಟಬೇಡಿ, ನಾಜಲ್ಲುಗಳನ್ನು ಬಿಚ್ಚಿ ಪಂಪಿನ ಜೊತೆ ಸರ್ವಿಸಿಗೆ ಕಳಿಸಿ ಎಂದೆ. ನನ್ನವರು, "ಇಪ್ಪತ್ತೊಂದು ಸಾವಿರ ಮೇಲೆ ಬೀಳುತ್ತೆ ಕಣೇ, ನಾಳೆಗೇ ಪಾಸಾಗೋ ದಾರಿ ಇರುವಾಗ ಇದೆಲ್ಲ ಯಾಕೆ?" ಎಂದರು. "ನಿಮ್ಮ ತಮ್ಮ ಉಸಿರಾಡೋದು ನಾಳೆ ಒಂದೇ ದಿನವೇನ್ರೀ?" ಎಂದದ್ದಕ್ಕೆ ಸುಮ್ಮನಾದರು. ಮೊದಲ ಸಲ 74 ತೋರಿಸಿದ್ದ ಯಂತ್ರ ಆಮೇಲೆ 46 ತೋರಿಸಿತು. ಲೀಟರಿಗೆ ಅರ್ಧ ಕಿಲೋಮೀಟರ್ ಹೆಚ್ಚು ಓಡುತ್ತಿದೆ ಎಂದು ಡೀಸೆಲ್ ಪುಸ್ತಕದಲ್ಲಿ ನಾನೇ ಬರೆದಿದ್ದೇನೆ. ಘಾಟಿಯಲ್ಲಿ ಮೊದಲಿನಷ್ಟು ಎಳೆಯುವುದಿಲ್ಲ ಎಂದು ಮೈದುನನ ದೂರು ಇದೆ. ಎರಡು ಟನ್ ಕಡಿಮೆ ಹೇರಿಸು, ಎಳೆಯುತ್ತದೆ ಎಂದಿದ್ದೇನೆ. ಮಂಡಿಯವರು ಅದಕ್ಕೆ ಇನ್ನೂ ಒಪ್ಪಿಲ್ಲ. ಈ ತಿಂಗಳು ಎರಡು ಬಾಡಿಗೆ ಕೈಬಿಟ್ಟು ಹೋಗಿವೆ, ಬಳೆಗಳು ಸೊಸೈಟಿಯಲ್ಲಿಯೇ ಇವೆ.