ಎಂಟು ಮಿಲಿಮೀಟರ್ ಉಕ್ಕು, ಒಂದು ಸೀಸದ ಗುಂಡು

ಅಮೆರಿಕದ ಇಂಡಿಯಾನಾ ರಾಜ್ಯದ ಜಿಂಕೆ ಬೇಟೆಗಾರರಲ್ಲಿ 2007ರ ನಂತರ ಒಂದು ರೂಢಿ ಬೆಳೆಯಿತು. ಹ್ಯಾಂಡಿ ರೈಫಲ್ ಎಂಬ ಅಗ್ಗದ ಒಂಟಿ ಈಡಿನ ಕೋವಿಯನ್ನು ಕೊಂಡು, ಅದನ್ನು ನುರಿತ ಕಸುಬುದಾರನ ಬಳಿಗೊಯ್ದು, ನಳಿಗೆಯಲ್ಲಿ ತೋಟಾ ಕೂರುವ ಗೂಡನ್ನು ಎಂಟು ಮಿಲಿಮೀಟರಿನಷ್ಟು ಮುಂದಕ್ಕೆ ಕೊರೆಸಿ, ಹೆಚ್ಚು ಬಲದ ತೋಟಾ ಹಿಡಿಯುವಂತೆ ಮಾಡಿಸಿಕೊಳ್ಳುವುದೇ ಆ ರೂಢಿ. ಬೇಟೆಯೇ ನಿಷಿದ್ಧವಾಗಿರುವ ನಾಡಿನಲ್ಲಿ ಕುಳಿತು ಇದನ್ನು ಚರ್ಚಿಸುವುದೇಕೆಂದು ಓದುಗರು ಕೇಳಬಹುದು. ಗುಂಡು ಜಿಂಕೆಯನ್ನು ಕೆಡವಿದ ಮೇಲೂ ಅದರ ಕೆಲಸ ಮುಗಿಯುವುದಿಲ್ಲ. ಕಾಡಿನ ಮಟ್ಟಿಗೆ ಅದು ಆರಂಭವಾಗುವುದೇ ಅಲ್ಲಿಂದ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಾರ್ಪಾಟು ತಪ್ಪಲ್ಲ. ಆದರೆ ಅದರಿಂದ ದೊರೆತ ಬಲವನ್ನು ಇನ್ನಷ್ಟು ದೂರ ಹೊಡೆಯಲು ವ್ಯಯಿಸುವುದು ತಪ್ಪು. ಅದನ್ನು ಸೀಸ ಬಿಟ್ಟು ತಾಮ್ರದ ಗುಂಡಿಗೆ ಬರಲು ವ್ಯಯಿಸಬೇಕು.

ಇಂಡಿಯಾನಾದ ಜಿಂಕೆಯ ಕಥೆಯನ್ನು ತಿಳಿಯದೆ ಅಲ್ಲಿನ ಬೇಟೆಗಾರನನ್ನು ಅಳೆಯುವುದು ನ್ಯಾಯವಲ್ಲ. ಬಿಳಿಬಾಲದ ಜಿಂಕೆ 1890ರ ದಶಕದ ಹೊತ್ತಿಗೆ ಆ ರಾಜ್ಯದಿಂದ ಸಂಪೂರ್ಣವಾಗಿ ಅಳಿದುಹೋಗಿತ್ತು. 1934ರಿಂದ ಬೇರೆ ಕಡೆಗಳಿಂದ ತಂದು ಬಿಟ್ಟ ಜಿಂಕೆಗಳೇ ವೃದ್ಧಿಸಿ, 1951ರಲ್ಲಿ ಬೇಟೆಯ ಋತು ಮತ್ತೆ ತೆರೆಯಿತು. ಆದರೆ ಅವುಗಳನ್ನು ಹಿಡಿಯಬೇಕಾದ ತೋಳ ಮರಳಲಿಲ್ಲ. ಬ್ರೌನ್ ಕೌಂಟಿಯ ಗುಡ್ಡಗಾಡಿನ ಉದ್ಯಾನದಲ್ಲಿ ಜಿಂಕೆಗಳು ಕಾಡಿನ ನೆಲಹೊದಿಕೆಯನ್ನೇ ಮೇಯ್ದು ಬರಿದಾಗಿಸಿದಾಗ, ತೀವ್ರ ಪ್ರತಿಭಟನೆಗಳ ನಡುವೆ, 1993ರಲ್ಲಿ ಅಲ್ಲಿ ನಿಯಂತ್ರಿತ ಬೇಟೆ ನಡೆಯಿತು. ಬೇಟೆಗೆ ತೆರೆದ ರಾಜ್ಯ ಉದ್ಯಾನಗಳಲ್ಲಿ ನಾಡಗಿಡಗಳು ಚೇತರಿಸಿಕೊಂಡದ್ದನ್ನು ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಬೇಟೆಯೆಂದೊಡನೆ ಮುಖ ತಿರುಗಿಸುವ ನಮ್ಮ ಪರಿಸರಪ್ರಿಯರು ಈ ಒಂದು ಸಂಗತಿಯನ್ನಾದರೂ ತಾಳ್ಮೆಯಿಂದ ನೋಡಬೇಕು.

ಇನ್ನು ಕೋವಿಯ ವಿಚಾರ. ಇಂಡಿಯಾನಾದ ಬಹುಭಾಗ ಸಮತಟ್ಟು. ಜೋಳದ ಹೊಲಗಳ ನಡುವೆ ಮನೆಗಳು ಹರಡಿಕೊಂಡಿವೆ. ಗುರಿ ತಪ್ಪಿದ ರೈಫಲ್ ಗುಂಡನ್ನು ತಡೆಯಲು ಗುಡ್ಡವಿಲ್ಲ. ಆದುದರಿಂದ ಜಿಂಕೆ ಬೇಟೆಗೆ ಬಹುಕಾಲ ಷಾಟ್‌ಗನ್ನಿನ ಒಂಟಿ ಗುಂಡು, ಮುಂದಿನಿಂದ ಮದ್ದು ತುಂಬುವ ಕೋವಿ ಮತ್ತು ಕೈಪಿಸ್ತೂಲುಗಳಿಗಷ್ಟೇ ಅವಕಾಶವಿತ್ತು. 2007ರಲ್ಲಿ ಪಿಸ್ತೂಲಿನ ತೋಟಾ ಬಳಸುವ ರೈಫಲ್‌ಗಳಿಗೂ ಅನುಮತಿ ದೊರೆಯಿತು. ಆದರೆ ತೋಟಾದ ಕವಚದ ಉದ್ದ 1.625 ಅಂಗುಲವನ್ನು, ಅಂದರೆ 41 ಮಿಲಿಮೀಟರಿಗೆ ತುಸು ಮಿಕ್ಕಿದ ಅಳತೆಯನ್ನು, ದಾಟಕೂಡದೆಂಬ ನಿಬಂಧನೆ ಇತ್ತು. ಬಲವನ್ನು ಉದ್ದದಿಂದ ಕಟ್ಟಿಹಾಕುವ ಸರಳ ಉಪಾಯವಿದು.

ಹ್ಯಾಂಡಿ ರೈಫಲ್ .357 ಮ್ಯಾಗ್ನಮ್ ತೋಟಾಕ್ಕೆ ದೊರೆಯುತ್ತಿತ್ತು. ಅದರ ಕವಚ 1.29 ಅಂಗುಲ. ಅದೇ ದಪ್ಪದ, 1.605 ಅಂಗುಲದ .357 ಮ್ಯಾಕ್ಸಿಮಮ್ ಎಂಬ ಇನ್ನೊಂದು ತೋಟಾ 1980ರ ದಶಕದ ಆರಂಭದಲ್ಲಿ ರಿವಾಲ್ವರಿಗಾಗಿ ಹುಟ್ಟಿ, ಆ ರಿವಾಲ್ವರುಗಳ ತಯಾರಿಕೆ ನಿಂತ ಮೇಲೆ ಹೆಚ್ಚುಕಡಿಮೆ ಅನಾಥವಾಗಿತ್ತು. ಕಾನೂನಿನ ಗೆರೆಯೊಳಗೆ ಅದು ಕೂದಲೆಳೆಯ ಅಂತರದಲ್ಲಿ ಕೂರುತ್ತಿತ್ತು. ನಳಿಗೆ ಬದಲಿಸಬೇಕಿಲ್ಲ, ಹೊಸ ಕೋವಿ ಕೊಳ್ಳಬೇಕಿಲ್ಲ. ಎಂಟು ಮಿಲಿಮೀಟರ್ ಉಕ್ಕನ್ನು ಕೊರೆದರಾಯಿತು. ಹಳೆಯ ಮ್ಯಾಗ್ನಮ್ ತೋಟಾವನ್ನೂ ಆ ಕೋವಿಯಲ್ಲಿ ಹಾರಿಸಬಹುದು. ಇರುವುದನ್ನೇ ತಿದ್ದಿ ಬಾಳಿಸುವ ಈ ಮಿತವ್ಯಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಳೆಯ ಕೋವಿಯನ್ನು ಮೂಲೆಗೊತ್ತಿ ವರ್ಷಕ್ಕೊಂದು ಹೊಸತನ್ನು ಮಾರುವ ಉದ್ಯಮಕ್ಕೆ ಇದು ಒಳ್ಳೆಯ ಉತ್ತರವೂ ಹೌದು.

ಆದರೆ ಮಿತವ್ಯಯ ಮಿತಿಮೀರಿದರೆ ಅಪಾಯ. ಮ್ಯಾಗ್ನಮ್‌ಗೆ ಒತ್ತಡದ ಮಿತಿ ಚದರ ಅಂಗುಲಕ್ಕೆ 35,000 ಪೌಂಡ್, ಮ್ಯಾಕ್ಸಿಮಮ್‌ಗೆ 40,000. ರೈಫಲ್ಲಿಗೆಂದೇ ಮಾಡಿದ ಉಕ್ಕಿನ ಚೌಕಟ್ಟಿಗೆ ಇದು ಹೊರೆಯಲ್ಲ. ಅದೇ ಕಾರ್ಖಾನೆ ಷಾಟ್‌ಗನ್ನಿಗಾಗಿ ಮಾಡಿದ ಚೌಕಟ್ಟು ನೋಡಲು ಒಂದೇ ತೆರನಾದರೂ ಈ ಭಾರಕ್ಕೆ ಹೇಳಿದ್ದಲ್ಲ. ಮೊದಲು ಕಾರ್ಖಾನೆಯವರೇ ಚೌಕಟ್ಟನ್ನು ತರಿಸಿಕೊಂಡು, ಪರೀಕ್ಷಿಸಿ, ಬೇರೆ ನಳಿಗೆ ಕೂರಿಸಿಕೊಡುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಗಾರ್ಡ್ನರ್ ಪಟ್ಟಣದ ಆ ಕಾರ್ಖಾನೆ 2008ರಲ್ಲಿ ಮುಚ್ಚಿತು. 2015ರಲ್ಲಿ ಹ್ಯಾಂಡಿ ರೈಫಲ್ಲಿನ ತಯಾರಿಕೆಯೇ ನಿಂತಿತು. ಈಗ ಎಲ್ಲವೂ ಸ್ಥಳೀಯ ಕಸುಬುದಾರನ ವಿವೇಕಕ್ಕೆ ಬಿಟ್ಟದ್ದು. ಕೊರೆಸಿದ ನಳಿಗೆಯ ಮೇಲೆ ಹೊಸ ತೋಟಾದ ಹೆಸರನ್ನು ಕೆತ್ತಿಸದೆ ಬಿಡುವವರೂ ಇದ್ದಾರೆ; ನಾಳೆ ಅದನ್ನು ಕೊಳ್ಳುವವನಿಗೆ ಒಳಗೇನಿದೆಯೆಂದು ತಿಳಿಯುವುದಾದರೂ ಹೇಗೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬೇಟೆಗಾರ ಜಿಂಕೆಯನ್ನು ಬಿದ್ದಲ್ಲೇ ಸಿಗಿದು, ಕರುಳು ಬಗಿದು ಹಾಕಿ, ಮಾಂಸವನ್ನು ಮನೆಗೊಯ್ಯುತ್ತಾನೆ. ಆ ಕರುಳಿನ ರಾಶಿ ಚಳಿಗಾಲದಲ್ಲಿ ಹದ್ದು, ಕಾಗೆ, ನರಿಗಳಿಗೆ ಹಬ್ಬ. ಸೀಸದ ಗುಂಡು ಮೂಳೆಗೆ ಬಡಿದು ಸಿಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಅದರಲ್ಲಿ ಸೇರಿರುತ್ತವೆ. ಮಿನ್ನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ 2008ರಲ್ಲಿ ಕುರಿಯ ಕಳೇಬರಗಳಿಗೆ ಗುಂಡು ಹೊಡೆದು ಪರೀಕ್ಷಿಸಿತು. ವೇಗದ, ಬೇಗನೆ ಅರಳುವ ರೈಫಲ್ ಗುಂಡುಗಳ ಚೂರುಗಳು ಗಾಯದಿಂದ ಗೇಣು ದೂರದವರೆಗೂ ಚದುರಿದ್ದವು. ಷಾಟ್‌ಗನ್ನಿನ ನಿಧಾನದ ಗುಂಡುಗಳು ಅಷ್ಟಾಗಿ ಸಿಡಿದಿರಲಿಲ್ಲ. ವೇಗ ಏರಿದಂತೆ ಸೀಸ ಹೆಚ್ಚು ಪುಡಿಯಾಗುತ್ತದೆ. ಕೋವಿಯ ಬಲ ಹೆಚ್ಚಿಸಿ ಸೀಸವನ್ನೇ ಉಳಿಸಿಕೊಳ್ಳುವ ಬೇಟೆಗಾರ ತಿಳಿಯದೆಯೇ ಹದ್ದಿನ ತಟ್ಟೆಗೆ ಇನ್ನಷ್ಟು ವಿಷ ಬಡಿಸುತ್ತಿದ್ದಾನೆ. 38 ರಾಜ್ಯಗಳ 1,210 ಹದ್ದುಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಳಿತಲೆಯ ಹದ್ದು ಮತ್ತು ಹೊನ್ನಹದ್ದುಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ದೀರ್ಘಕಾಲದ ಸೀಸವಿಷದ ಗುರುತು ಕಂಡಿತು.

ಕಳೇಬರದ ಮೂಲಕ ಹರಿಯುವ ವಿಷ ಏನು ಮಾಡಬಲ್ಲುದೆಂಬುದನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ರಣಹದ್ದುಗಳ ಸಂತತಿಯನ್ನೇ ಬರಿದಾಗಿಸಿತು. 2006ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆ ನಿಷಿದ್ಧವಾಯಿತು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ದನಕ್ಕೆ ಮದ್ದು ಕೊಟ್ಟವನಿಗೂ ಜಿಂಕೆಗೆ ಗುಂಡು ಹೊಡೆದವನಿಗೂ ಹದ್ದಿನ ಮೇಲೆ ಹಗೆಯಿರಲಿಲ್ಲ.

ತಾಮ್ರದ ಗುಂಡು ಸಿಡಿಯುವುದಿಲ್ಲ. ದಳಗಳಾಗಿ ಅರಳಿ, ಹೆಚ್ಚುಕಡಿಮೆ ಇಡಿಯಾಗಿಯೇ ಉಳಿಯುತ್ತದೆ. ಆದರೆ ಅರಳಲು ಅದಕ್ಕೆ ಸೀಸಕ್ಕಿಂತ ಹೆಚ್ಚು ವೇಗ ಬೇಕು. ಜೊತೆಗೆ ತಾಮ್ರ ಹಗುರವಾದ್ದರಿಂದ ಅದೇ ತೂಕದ ಗುಂಡು ಉದ್ದವಾಗಿ, ತೋಟಾದೊಳಗೆ ಮದ್ದಿಗಿರುವ ಜಾಗವನ್ನು ಕಬಳಿಸುತ್ತದೆ. ಗಿಡ್ಡ ಮ್ಯಾಗ್ನಮ್ ಕವಚದಲ್ಲಿ ಇದು ನಿಜವಾದ ತೊಡಕು. ಕೊರೆಸಿದ ಆ ಎಂಟು ಮಿಲಿಮೀಟರ್ ಮದ್ದಿಗೆ ಜಾಗವನ್ನೂ ಗುಂಡಿಗೆ ವೇಗವನ್ನೂ ಹಿಂದಿರುಗಿಸುತ್ತದೆ. ಈ ಮಾರ್ಪಾಟಿಗೆ ನನಗೆ ಕಾಣುವ ಅತ್ಯುತ್ತಮ ಸಮರ್ಥನೆ ಇದು. ಬೇಟೆಗಾರರ ಮಾತುಕತೆಯಲ್ಲಾದರೋ ಇನ್ನೂ ಐವತ್ತು ಗಜ ಆಚೆ ಹೊಡೆಯಬಹುದೆಂಬ ಉತ್ಸಾಹವೇ ಮುಂದಿರುತ್ತದೆ. ಒಂದೇ ಈಡಿನ ಕೋವಿ ಕಲಿಸುವುದು ಹತ್ತಿರ ಹೋಗುವುದನ್ನು, ಕಾಯುವುದನ್ನು, ಸಂದೇಹವಿದ್ದರೆ ಹೊಡೆಯದಿರುವುದನ್ನು. ಆ ಶಿಸ್ತನ್ನು ಮಾರಿ ದೂರವನ್ನು ಕೊಳ್ಳುವುದರಲ್ಲಿ ಲಾಭವೇನಿದೆ?

ತಾಮ್ರ ದುಬಾರಿ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಅಗ್ಗದ ಕೋವಿ ಕೊಂಡವನು ಅಗ್ಗದ ತೋಟಾವನ್ನೇ ನೋಡುವುದು ಸಹಜ. ಆದರೆ ಒಂದು ಋತುವಿನಲ್ಲಿ ಅವನು ಜಿಂಕೆಯತ್ತ ಹಾರಿಸುವ ಗುಂಡುಗಳು ಬೆರಳೆಣಿಕೆಯವು. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸವನ್ನು ಕಾನೂನಿನಿಂದಲೇ ನಿಷೇಧಿಸಿತು. ಅರಿಜೋನಾ ಬೇರೆ ಹಾದಿ ಹಿಡಿಯಿತು: ಕಾಂಡರ್ ರಣಹದ್ದುಗಳನ್ನು ಮರಳಿ ಬಿಟ್ಟ ಸೀಮೆಯ ಬೇಟೆಗಾರರಿಗೆ 2005ರಿಂದ ಸೀಸರಹಿತ ತೋಟಾಗಳನ್ನು ಉಚಿತವಾಗಿ ಕೊಡತೊಡಗಿತು, ಬಹುಪಾಲು ಬೇಟೆಗಾರರು ಯಾವ ಒತ್ತಾಯವೂ ಇಲ್ಲದೆ ಒಪ್ಪಿದರು. ಇಂಡಿಯಾನಾದ ಜಿಂಕೆ ಪರವಾನಗಿಯೊಂದಿಗೆ ಒಂದು ಪೆಟ್ಟಿಗೆ ತಾಮ್ರದ ತೋಟಾಕ್ಕೆ ರಿಯಾಯಿತಿ ಚೀಟಿ ಕೊಟ್ಟು ನೋಡಬಹುದು. ಕೋವಿಯ ಗೂಡನ್ನು ಕೊರೆದುಕೊಡುವ ಕಸುಬುದಾರರೂ ಆ ಮಾತನ್ನು ಗಿರಾಕಿಯ ಕಿವಿಗೆ ಹಾಕಲಿ. ಅವರ ಮಾತನ್ನು ಬೇಟೆಗಾರ ನಮ್ಮಂಥವರ ಮಾತಿಗಿಂತ ಬೇಗ ನಂಬುತ್ತಾನೆ.